ಇದ್ದಿಲು ಬಸ್ಸಿನಲ್ಲಿ ಕೌದಿ ಹೊಲಿದದ್ದು

ಹೊಲಿಗೆ ಏನು ಮಹಾ ವಿದ್ಯೆ? ಸೂಜಿ ಒಳಗೆ ಹೋಗಬೇಕು, ಹೊರಗೆ ಬರಬೇಕು, ಅಷ್ಟೇ! ಹೀಗೆಂದು ನಾನು, ಕಾರ್ಕಳದ ಲೋಕಯ್ಯ ಮಾಷ್ಟ್ರು, ಹೆಂಡತಿ ದೇಯಿಯ ಮುಂದೆ ಘೋಷಿಸಿದೆ.

ಮಂಗಳೂರಿನ ಕದ್ರಿಯಲ್ಲಿ ಅಂದು ಮಧ್ಯಾಹ್ನ ನನ್ನ ತಂಗಿ ಬಾಗಿಯ ಮಗುವನ್ನು ತೊಟ್ಟಿಲಿಗೆ ಹಾಕುವುದಿತ್ತು. ಹಿರಿಯರ ಹಳೆ ಬಟ್ಟೆಯ ತುಂಡುಗಳಿಂದ ಹೊಲಿದ ಪುಟ್ಟ ಕೌದಿಯ ಮೇಲೇ ಮಗುವನ್ನು ಮೊದಲು ಮಲಗಿಸಬೇಕೆಂಬುದು ನಮ್ಮ ಮನೆಯ ಪದ್ಧತಿ. ಅದನ್ನು ತರಬೇಕಾದವನು ಸೋದರಮಾವ, ಅಂದರೆ ನಾನು! ಹೊರಡುವಾಗಲೂ ಕೌದಿ ಅರ್ಧ ಬಾಕಿ.

"ಕೊಡು ಇಲ್ಲಿ. ಬಸ್ಸಿನಲ್ಲೇ ಮುಗಿಸ್ತೇನೆ."

"ನಿಮಗೆ ಅಂಗಿಗೆ ಗುಂಡಿ ಹಾಕಲಿಕ್ಕಾದರೂ ಗೊತ್ತುಂಟಾ?"

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು; ನಮ್ಮದು ಪ್ರತಿ ಏರಿನಲ್ಲೂ ನಿಂತು ಕೆಮ್ಮುತ್ತಿತ್ತು. ಆ ಕುಲುಕಾಟದಲ್ಲಿ ಮೂರು ಸಲ ಹೆಬ್ಬೆರಳಿಗೆ ಚುಚ್ಚಿಕೊಂಡೆ, ಒಂದು ಸಲ ಸ್ವಂತ ಪಂಚೆಯನ್ನೇ ಹೊಲಿದೆ! ಪಕ್ಕದಲ್ಲಿ ಕೂತಿದ್ದ ಹಸನಬ್ಬ ಬ್ಯಾರಿಗಳು ನಮ್ಮ ಕೌದಿಯ ಪದ್ಧತಿಯನ್ನು ಕೇಳಿ ತಿಳಿದುಕೊಂಡು, ದಾರಿಯುದ್ದಕ್ಕೂ ನನ್ನ ಸೂಜಿಯನ್ನೇ ಕುತೂಹಲದಿಂದ ನೋಡುತ್ತಿದ್ದರು.

ಕುಲಶೇಖರದ ಏರಿನಲ್ಲಿ ಬಸ್ಸು ಪೂರ್ತಿ ನಿಂತಿತು. ಬ್ಯಾರಿಗಳು ಚಾ ಕುಡಿಯಲು ಇಳಿದರು. ನಮ್ಮ ಮಗಳು ಮುದ್ದುವಿಗೆ ನೀರು ಕುಡಿಸಲು ದೇಯಿಯೂ ಇಳಿದಳು. ಕೌದಿಯ ನಡುವೆ ಅಂಗೈಯಗಲ ಮಾತ್ರ ಬಾಕಿ. ಹಳೆ ತುಂಡುಗಳ ಗಂಟಿಗೆ ಕೈ ಹಾಕಿದರೆ ಬಟ್ಟೆಯೇ ಮುಗಿದಿದೆ! ನೋಡುತ್ತೇನೆ, ಪಕ್ಕದಲ್ಲೇ ಒಂದು ಹಸಿರು ಬಟ್ಟೆ ಬಿದ್ದಿದೆ. ಹಳತು, ಮೆತ್ತಗಿನದು. ಇದು ಯಾವ ಹಿರಿಯರದ್ದಪ್ಪ? ಕೇಳೋಣವೆಂದರೆ ದೇಯಿ ಇಲ್ಲ. ಒಂದು ಮೂಲೆ ಕತ್ತರಿಸಿ ಹೊಲಿದೇಬಿಟ್ಟೆ, ಉಳಿದದ್ದನ್ನು ಗಂಟಿಗೆ ತುರುಕಿದೆ.

ಎಲ್ಲರೂ ಹತ್ತಿದ ಮೇಲೆ ಬ್ಯಾರಿಗಳು ಕೌದಿಯನ್ನು ಕೈಗೆತ್ತಿಕೊಂಡು ಒಂದು ತುಂಡು ತೋರಿಸಿದರು.

"ಇದು ಯಾರದ್ದು ಮಾಷ್ಟ್ರೇ?"

"ನಮ್ಮ ಅಜ್ಜಿಯ ಸೀರೆ."

"ಈ ಹಸಿರು?"

ಗೊತ್ತಿಲ್ಲ ಎನ್ನುವುದು ಮಾಷ್ಟ್ರ ಬಾಯಲ್ಲಿ ಬರುವ ಮಾತೇ? "ನನ್ನ ಅಜ್ಜನ ಮುಂಡಾಸು! ಅದನ್ನು ಸುತ್ತಿಕೊಂಡೇ ಹುಲಿ ಓಡಿಸಿದವರು ಅವರು!"

ತುಂಡಿನಲ್ಲಿ ಕೆಂಪು ನೂಲಿನ ಕಸೂತಿ ಇತ್ತು. ನಾನು ಬಳ್ಳಿ ಎಂದುಕೊಂಡಿದ್ದೆ. ಬ್ಯಾರಿಗಳು ಅದರ ಮೇಲೆ ಬೆರಳಿಟ್ಟರು.

"ಇದು ಅರಬಿ ಅಕ್ಷರ. ನನ್ನ ಮಗಳು ಬೀಫಾತಿಮ್ಮ ಹಾಕಿದ್ದು. ಎಂತ ಮಾಷ್ಟ್ರೇ, ನಿಮ್ಮ ಅಜ್ಜನ ಹೆಸರೂ ಹಸನಬ್ಬ ಅಂತಲಾ?"

ಇಡೀ ಬಸ್ಸು ಘೊಳ್ಳೆಂದಿತು! ದೇಯಿ ಹಣೆ ಚಚ್ಚಿಕೊಂಡಳು. "ಸೀಟು ಹಿಡಿಯಲಿಕ್ಕೆ ಅವರು ಹಾಕಿ ಹೋದ ರುಮಾಲಲ್ವಾ ಅದು!"

ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. "ತಪ್ಪಾಯ್ತು ಬ್ಯಾರಿಗಳೇ, ಈಗಲೇ ಬಿಚ್ಚಿ ಕೊಡ್ತೇನೆ" ಎಂದೆ. ಬಿಚ್ಚಿದರೆ ನಡುವೆ ತೂತು. ತೂತು ಕೌದಿ ಹಿಡಿದು ತಂಗಿಯ ಮುಂದೆ ನಿಲ್ಲುವುದು ಹೇಗೆ?

"ಬಿಚ್ಚಬೇಡಿ ಮಾರಾಯ್ರೇ. ಹಿರಿಯರ ಬಟ್ಟೆ ತಾನೇ ಬೇಕಾದದ್ದು? ನನಗೂ ಎಪ್ಪತ್ತಾಯ್ತು. ಮಗುವಿಗೆ ಇನ್ನೊಬ್ಬ ಅಜ್ಜ ಇರಲಿ."

ನಾನು ಉಸಿರು ಬಿಡುವಷ್ಟರಲ್ಲಿ ಅವರು ಒಂದು ನೂಲೆಳೆದರು. ಕಾರ್ಕಳದಿಂದ ಹೊಲಿದದ್ದೆಲ್ಲ ಸರ್ರನೆ ಬಿಚ್ಚಿಕೊಂಡು ಬಂತು!

"ಆದರೆ ಬಂದರಿನಲ್ಲಿ ಐವತ್ತು ವರ್ಷ ಟೈಲರ್ ಆಗಿದ್ದವನು ನಾನು. ಇಂಥ ಹೊಲಿಗೆಯ ನಡುವೆ ನನ್ನ ಹೆಸರು ಇದ್ದರೆ ಮರ್ಯಾದೆ ಉಳೀತದಾ? ಸೂಜಿ ಕೊಡಿ!"

ನಾನು ಕೊಡುವ ಮೊದಲೇ ದೇಯಿ ಕೊಟ್ಟಾಗಿತ್ತು.