ಹತ್ತಿಬೀಜ, ಸೊನ್ನಿ ಇಡ್ರಿ

ದಿನಚರಿ ಬರೆಯುವವರಿಗೆ ಒಂದು ಜಂಬವಿರುತ್ತದೆ: ಎಲ್ಲವನ್ನೂ ಬರೆದಿಟ್ಟರೆ ಎಲ್ಲವೂ ತಿಳಿಯುತ್ತದೆ ಎಂದು. ನನ್ನ ಜಂಬ ಮುರಿದದ್ದು ಹಾನಗಲ್ಲಿನ ಬೀಜದ ಗೋದಾಮಿನ ಟೆಲಿಫೋನು. ನಾನಲ್ಲಿ ಹಂಗಾಮಿ ಗುಮಾಸ್ತ. ಹಿಂದಿನ ವರ್ಷ ದಾಸ್ತಾನು ಪುಸ್ತಕವನ್ನು ಇಲಿಗಳು ತಿಂದು ಮುಗಿಸಿದ್ದವು. "ಒಂದು ಪ್ರತಿ ನನ್ನ ಹಂತ್ಯಾಕೂ ಇರ್ಲಿ" ಎಂದು ಹಿರೇಕೆರೂರಿನ ಸಾಹೇಬರು ಹುಕುಂ ಮಾಡಿದರು. ಅಂದಿನಿಂದ ದಿನಾ ಸಂಜೆ ಟ್ರಂಕ್ ಕಾಲ್ ಹಚ್ಚಿ, ಯಾವ ಬೀಜ ಎಷ್ಟು ಚೀಲ ಉಳಿದಿದೆ ಎಂದು ನಾನು ಓದುವುದು, ಅವರು ಬರೆದುಕೊಳ್ಳುವುದು.

ಮಳೆ ಹಿಡಿದ ಮೇಲೆ ಲೈನು ನಡುವೆಯೇ ಕಡಿಯತೊಡಗಿತು. ಜೋಳ ದಾಟುತ್ತಿತ್ತು, ಗೋವಿನಜೋಳ ದಾಟುತ್ತಿತ್ತು, ಹತ್ತಿಬೀಜಕ್ಕೆ ಬಂದೊಡನೆ ಕಟ್! "ನಾಳೆ ಪ್ರತಿ ಪೂರ್ತಿ ಬರ್ಲಿಲ್ಲಂದ್ರ ನಾಡಿದ್ದಿನಿಂದ ನೀವೂ ಕೆಲಸಕ್ಕ ಬರಬ್ಯಾಡ್ರಿ" ಎಂದು ಸಾಹೇಬರು ಒಂದು ಸಂಜೆ ಜೋಳಕ್ಕೂ ಮುಂಚೆಯೇ ಹೇಳಿಬಿಟ್ಟರು. ಗಾಳಿ, ಮಳೆ, ತಂತಿಯ ಮೇಲಿನ ಕಾಗೆಗಳು, ಎಲ್ಲವನ್ನೂ ದಿನಚರಿಯಲ್ಲಿ ಗೀಟು ಹಾಕಿ ಎಣಿಸಿದ್ದೆ. ಕಾಗೆ ಇಲ್ಲದ ದಿನವೂ ಕಟ್. ಕೊನೆಗೆ ಸವಣೂರಿನ ಕುರುಕಲು ಖಾರದ ಪೊಟ್ಟಣ ಹಿಡಿದು ಎಕ್ಸ್‌ಚೇಂಜಿಗೆ ಹೋದೆ.

"ಲೈನ್ ಎಲ್ಲಿ ಕಡೀತೈತೋ ತಮ್ಮಾ? ನಾನ ವಾಯರ್ ತಗೀತೇನಿ" ಎಂದಳು ಆಪರೇಟರ್ ಅಕ್ಕ, ಖಾರ ಮುಕ್ಕುತ್ತ.

"ನೀವಾ! ಯಾಕ್ರೀ ಅಕ್ಕಾರ?"

"ಮಾತು ಮುಗೀತೋ ಇಲ್ಲೋ ಅಂತ ನಡುನಡುವ ಕೇಳಬೇಕಾಕ್ಕೈತಿ. ನೀನ 'ಇಡ್ರಿ' ಅಂತೀ, ನಾ ತಗೀತೇನಿ. ಸಾಹೇಬ್ರಿಗೇ ಫೋನ್ ಇಡ್ರಿ ಅಂತ ದಬಾಯಿಸ್ತಾನಲ್ಲ, ಎಷ್ಟು ಧಿಮಾಕು ಈ ಹುಡುಗಗ ಅಂದ್ಕೊಂಡಿದ್ದೆ!"

ನನ್ನ ಬಾಯಿಗೆ ಹೋಗಬೇಕಿದ್ದ ಖಾರ ಕೈಯಲ್ಲೇ ಉಳಿಯಿತು. ನಮ್ಮಲ್ಲಿ ಹತ್ತಿಬೀಜ ಪೂರಾ ಖಾಲಿಯಾಗಿತ್ತು. ದಿನಾ ಸಂಜೆ ನಾನು ಹೇಳುತ್ತಿದ್ದದ್ದು, "ಹತ್ತಿಬೀಜ, ಸೊನ್ನಿ ಇಡ್ರಿ."

ಮರುಸಂಜೆ "ಸೊನ್ನಿ ಬರೀರಿ" ಎಂದೆ. ಲೈನು ಅಲುಗಲಿಲ್ಲ. ಶೇಂಗಾದವರೆಗೆ ಎಲ್ಲವೂ ಹಿರೇಕೆರೂರು ಮುಟ್ಟಿತು. ಸಾಹೇಬರು ಖುಷಿಯಾದರು. "ಶಾಬಾಸ್! ಮ್ಯಾಲಿನವರಿಗೆ ನಿಮ್ಮ ವಿಷಯ ಹೇಳೇನಿ: ಈ ಹುಡುಗನ್ನ ಕಾಯಂ ಇಡ್ರಿ..."

ಕಟ್!

ಮತ್ತೆ ಎಕ್ಸ್‌ಚೇಂಜಿಗೆ ಓಡಿದೆ. "ಅಕ್ಕಾರ, ಸಾಹೇಬ್ರು ಮುಂದ ಏನಂದ್ರು?"

"ನನಗೇನ್ ಗೊತ್ತೋ ತಮ್ಮಾ? ಇಡ್ರಿ ಅಂದ್ರು, ತಗದೆ."

ನನ್ನ ನಾಲಿಗೆಯೊಂದನ್ನೇ ರಿಪೇರಿ ಮಾಡಿಕೊಂಡು ಮಹಾ ಜಾಣನೆಂದು ಬೀಗಿದ್ದೆ. ಆ ದಿನದ ದಿನಚರಿಯಲ್ಲಿ ನನ್ನ ಜಾಣತನದ ಮುಂದೆ ಒಂದು ಸೊನ್ನೆ ಬರೆದೆ. ಇಡಲಿಲ್ಲ.