ಹಲ್ಲುನೋವಿನ ರಜೆ

ಜ್ವರ ಅನ್ನಬಹುದಿತ್ತು, ಭೇದಿ ಅನ್ನಬಹುದಿತ್ತು. ರಜೆ ಕೇಳುವಾಗ ಶರಣಕುಮಾರನ ಬಾಯಿಗೆ ಬಂದದ್ದು ಮಾತ್ರ ಹಲ್ಲುನೋವು.

"ಸರ, ದವಡಿ ಹಲ್ಲು ಭಾಳ ಬ್ಯಾನಿ ಆಗಾಕತ್ತೈತ್ರಿ. ಇವತ್ತ ಆಫೀಸಿಗೆ ಬರಾಕ ಆಗಂಗಿಲ್ರಿ" ಎಂದು ಫೋನಿನಲ್ಲಿ ಮುಲುಗಿದ.

ಹೊಸ ಸಾಫ್ಟ್‌ವೇರ್ ಒಪ್ಪಿಸುವ ವಾರವೆಂದು ಮ್ಯಾನೇಜರ್ ಹಣಮಂತರಾಯರು ಎಲ್ಲರ ರಜೆ ರದ್ದು ಮಾಡಿದ್ದರು. ಆದರೆ ಅದೇ ಮಧ್ಯಾಹ್ನ ಉಪ್ಪಲ್ ಸ್ಟೇಡಿಯಮ್ಮಿನಲ್ಲಿ ಭಾರತದ ಕ್ರಿಕೆಟ್ ಮ್ಯಾಚು. ಜೀವಮಾನದಲ್ಲಿ ಮೊದಲ ಸಲ ಅವನ ಕೈಗೆ ಟಿಕೆಟ್ ಸಿಕ್ಕಿತ್ತು. ಬೆನ್ನಿಗೆ 'ಶರಣು' ಎಂದು ಬರೆಸಿದ ನೀಲಿ ಜೆರ್ಸಿ ಬೆಳಿಗ್ಗೆಯೇ ಮೈಮೇಲೆ ಬಂದಿತ್ತು.

ಬೇರೆ ಮ್ಯಾನೇಜರ್ ಆಗಿದ್ದರೆ 'ಟೇಕ್ ಕೇರ್' ಅಂದು ಫೋನಿಡುತ್ತಿದ್ದರು. ಹಣಮಂತರಾಯರು ಕಲಬುರಗಿಯವರು. ಹೈದರಾಬಾದಿನಲ್ಲಿ ಊರ ಕಡೆಯ ಹುಡುಗ ಸಿಕ್ಕಿದನೆಂದರೆ ಅವನ ಊಟ, ನೆಗಡಿ, ಮದುವೆ ಎಲ್ಲವೂ ತಮ್ಮ ಹೊಣೆ ಎಂದುಕೊಂಡವರು. ಅದನ್ನು ಮರೆತದ್ದೇ ಶರಣಕುಮಾರನ ತಪ್ಪು.

"ಒಬ್ಬಾಂವ ಅದೀಯಪಾ ಅಲ್ಲಿ. ತಡಿ, ಬಂದೆ" ಎಂದರು ರಾಯರು.

ಜೆರ್ಸಿಯ ಮೇಲೊಂದು ಅಂಗಿ ಏರಿಸುವಷ್ಟರಲ್ಲಿ ಅವರು ಕೊಂಡಾಪುರದ ಅವನ ಫ್ಲ್ಯಾಟಿನ ಬಾಗಿಲು ಬಡಿದರು. ಅವರ ಹಿಂದೆ ಎದುರು ಮನೆಯ ಗುರುಬಾಯಿ, ಅಂಗೈ ತುಂಬ ಲವಂಗ ಹಿಡಿದು ನಿಂತಿದ್ದರು.

"ನಿನ್ನಿ ನಮ್ಮ ಮನ್ಯಾಗ ಕಟಕ ರೊಟ್ಟಿ ಕಟಾಕಟಾ ತಿಂದಿಯಲ್ಲೋ ಯಪ್ಪಾ! ಯಾರ ಕಣ್ಣು ಬಿತ್ತೋ!" ಎಂದು ಗುರುಬಾಯಿ ಒಂದು ಲವಂಗ ಅವನ ಬಾಯಿಗೆ ತುರುಕಿದರು.

"ಈಗ ಕಡಿಮಿ ಆಗೈತ್ರಿ ಸರ!"

"ಡಾಕ್ಟರ ಹೆಸರು ಕೇಳಿದ್ರ ಎಲ್ಲಾರ ಹಲ್ಲೂ ಸುಮ್ನಾಗ್ತಾವ. ಸಿಕಂದರಾಬಾದಿನ್ಯಾಗ ನಮ್ಮ ಬೀದರದಾಂವ ಒಬ್ಬ ಅದಾನ, ಡಾಕ್ಟರ್ ಚಂದ್ರಕಾಂತ. ನಡಿ" ಎಂದು ರಾಯರು ಅವನನ್ನು ಕಾರಿಗೆ ಹತ್ತಿಸಿದರು. ಕರೆಯದೆಯೇ ಗುರುಬಾಯಿಯೂ ಹತ್ತಿದರು.

ದಾರಿಯುದ್ದಕ್ಕೂ ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗರು ಬಾವುಟ ಬೀಸುತ್ತ ಉಪ್ಪಲ್ ಕಡೆಗೆ ಹೋಗುತ್ತಿದ್ದರು. ಶರಣಕುಮಾರನ ಕಣ್ಣು ತುಂಬಿ ಬಂದವು.

"ಪಾಪ, ಭಾಳ ಬ್ಯಾನಿ ಐತಿ ಕಾಣ್ತದ್ರಿ" ಎಂದು ಗುರುಬಾಯಿ ಮರುಗಿದರು.

ಡಾಕ್ಟರು ಕುರ್ಚಿ ಮಲಗಿಸಿ ದೀಪ ಹಾಕಿದ್ದೇ ತಡ, ಗುರುಬಾಯಿ ಶುರು ಮಾಡಿದರು.

"ಮ್ಯಾಲಿನ ಹಲ್ಲು ಕಿತ್ರ ಕಣ್ಣು ಹೋಗ್ತಾವಂತಲ್ರಿ?"

"ಹಲ್ಲಿಗೂ ಕಣ್ಣಿಗೂ ಸಂಬಂಧ ಇಲ್ರಿ ಅವ್ವಾರ."

"ಕ್ಲೀನಿಂಗ್ ಮಾಡ್ಸಿದ್ರ ಹಲ್ಲು ಅಳ್ಳಾಡ್ತಾವಂತ?" ಇದು ರಾಯರ ಸರದಿ.

"ಹೊಲಸು ಹೋಗಿ ಸಂದಿ ಕಾಣ್ತಾವ, ಅಷ್ಟರಿ."

"ಇಂಜೆಕ್ಷನ್ ನೋಯ್ತದೇನ್ರಿ? ಉಂಡು ಬರಬೇಕೋ, ಉಪಾಸ ಬರಬೇಕೋ?"

"ಇರವಿ ಕಡಿದಂಗ ಆಗ್ತದ. ಉಂಡೇ ಬರ್ರಿ."

ಗುರುಬಾಯಿ ತಮ್ಮ ಬಾಯಿಯನ್ನೇ ತೆರೆದು ತೋರಿಸಿದರು. ಶರಣಕುಮಾರ ಮಲಗಿದಲ್ಲಿಂದಲೇ ಗಡಿಯಾರ ನೋಡಿದ. ಡಾಕ್ಟರೂ ನೋಡಿದರು. ಕೊನೆಗೆ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಒಂದೊಂದೇ ಹಲ್ಲನ್ನು ತಟ್ಟಿದರು. ತಟ್ಟಿದ್ದಕ್ಕೆಲ್ಲ ಶರಣಕುಮಾರ 'ಹಾ' ಎಂದ.

"ಕಬ್ಬು ಸಿಗಿಯೋ ಹಲ್ಲು ಅದಾವಲ್ಲೋ ತಮ್ಮಾ!" ಎನ್ನುತ್ತ ಡಾಕ್ಟರು ದವಡೆಯ ಕೆಳಗೆ ಬಾವು ಇದೆಯೇ ನೋಡಲು ಅವನ ಅಂಗಿಯ ಕುತ್ತಿಗೆಯ ಗುಂಡಿ ಬಿಚ್ಚಿದರು. ಒಳಗೆ ನೀಲಿ ಬಣ್ಣ ಇಣುಕಿತು. ಅವರ ಕೈ ಅಲ್ಲೇ ನಿಂತಿತು.

"ಟಿಕೀಟ ಐತೇನು?"

ಶರಣಕುಮಾರ ಕೈಮುಗಿದ. "ಸರಗ ಹೇಳಬ್ಯಾಡ್ರಿ ಡಾಕ್ಟರ್ರೇ. ನೌಕರಿಗೇ ಕುತ್ತು ಬರ್ತೈತಿ."

"ಛೇ, ಊರ ಕಡಿ ಹುಡುಗ. ಹೇಳ್ತೀನೇನು? ಹಿಂದಿನ ಬಾಗಿಲಿಂದ ಕಳಸ್ತೀನಿ. ಮೊದಲು ಆ ಜೆರ್ಸಿ, ಟಿಕೀಟು ಇಲ್ಲಿ ಕೊಡು. ರಾಯರ ಕಣ್ಣಿಗೆ ಬಿದ್ರ ಮುಗೀತು. ನಾ ಜೋಪಾನ ಮಾಡ್ತೀನಿ."

ದೇವರಂಥ ಮನುಷ್ಯ ಎಂದುಕೊಂಡು ಶರಣಕುಮಾರ ಎರಡನ್ನೂ ಕೊಟ್ಟು, ಬರಿಮೈಗೆ ಅಂಗಿ ತೊಟ್ಟ. ರಾಯರಿಗೆ ನಂಬಿಕೆ ಬರಲೆಂದು ಡಾಕ್ಟರು ಅವನ ಬಾಯಿ ತುಂಬ ಹತ್ತಿ ತುಂಬಿ, "ಆಮ್ಯಾಲ ಒಳಗ ಕರೀತೀನಿ" ಎಂದು ಪಿಸುಗುಟ್ಟಿದರು. ಕೈಹಿಡಿದು ಹೊರಗೆ ತಂದು ರಾಯರ ಪಕ್ಕ ಕೂರಿಸಿದರು.

"ದೊಡ್ಡ ಕೆಲಸ ಇತ್ತು, ಮುಗಿಸೀನ್ರಿ. ನಾ ಬರೂತನಕ ಬಾಯಿ ತಗಿಯಂಗಿಲ್ಲ, ಎದ್ದು ಅಡ್ಡಾಡಂಗಿಲ್ಲ. ನಿಗಾ ಇರಲಿ. ನನಗೊಂದು ಅರ್ಜೆಂಟ್ ಕೇಸ್ ಐತಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಯಾವಾಗ ಕರೆಯುತ್ತಾರೋ ಎಂದು ಶರಣಕುಮಾರ ಒಳಕೋಣೆಯ ಬಾಗಿಲನ್ನೇ ನೋಡುತ್ತ ಕೂತ. ತಾಸೊಂದು ಹೋಯಿತು. ಬೇಸರ ಕಳೆಯಲು ರಾಯರು ಅಲ್ಲಿದ್ದ ಟಿವಿ ಹಚ್ಚಿದರು. ಆಟ ಶುರುವಾಗಿತ್ತು. ಮೊದಲ ಬೌಂಡರಿಗೆ ಕ್ಯಾಮೆರಾ ಜನರತ್ತ ತಿರುಗಿದಾಗ, ಹೊಟ್ಟೆಯ ಮೇಲೆ ಬಿಗಿದ ನೀಲಿ ಜೆರ್ಸಿಯಲ್ಲಿ ಒಬ್ಬರು ಕುಣಿಯುತ್ತಿದ್ದರು.

"ಅರೆ, ನಮ್ಮ ಡಾಕ್ಟರ ಹಂಗೇ ಅದಾನಲ್ಲ!" ಎಂದರು ರಾಯರು. ಕುಣಿಯುತ್ತಿದ್ದವರು ಹಿಂದೆ ತಿರುಗಿದರು. "ಬೆನ್ನಿನ ಮ್ಯಾಲ ನಿನ್ನ ಹೆಸರೇ ಐತಿ ನೋಡೋ ಶರಣು!"

"ಊಂ! ಊಂಊಂ!" ಎಂದು ಶರಣಕುಮಾರ ಜಿಗಿದೆದ್ದ.

"ಮಾತಾಡಬ್ಯಾಡಪಾ, ಡಾಕ್ಟರ ಹೇಳ್ಯಾನ" ಎಂದು ರಾಯರು ಭುಜ ಹಿಡಿದು ಕೂರಿಸಿದರು.

ಶರಣಕುಮಾರ ಸಿಟ್ಟಿಗೆ ಹಲ್ಲು ಕಡಿದ. ಹತ್ತಿಯ ಮರೆಯಲ್ಲಿ ಕೆನ್ನೆಯ ಸಂದಿಗೆ ಸೇರಿಕೊಂಡಿದ್ದ ಬೆಳಗಿನ ಲವಂಗ ದವಡೆ ಹಲ್ಲಿಗೆ ಸಿಕ್ಕಿ, ತಲೆಯ ತನಕ ಛಳಕು ಹೊಡೆಯಿತು. ಈ ಸಲ ನಿಜವಾದ ಹಲ್ಲುನೋವಿಗೇ ಕಣ್ಣಲ್ಲಿ ನೀರು ಬಂತು.

ಗುರುಬಾಯಿ ಸೆರಗಿನ ಗಂಟು ಬಿಚ್ಚಿ ಇನ್ನೊಂದು ಲವಂಗ ತೆಗೆದರು.