ನನ್ನ ಗೀಟಿಗೆ ಸಿಕ್ಕ ಹೋಟೆಲು

ರಸ್ತೆ ಅಗಲ ಮಾಡುವ ಕೆಲಸದಲ್ಲಿ ರಸ್ತೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅಗಲವಾಗುತ್ತದೆ. ಫೈಲು ಅಗಲವಾಗುತ್ತದೆ, ಜನರ ಬಾಯಿ ಅಗಲವಾಗುತ್ತದೆ, ಮೇಲಿನವರ ಕಣ್ಣು ಅಗಲವಾಗುತ್ತದೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ಊರುಗಳ ಪೇಟೆಬೀದಿಗಳಲ್ಲಿ ಸರ್ವೇಯರ್ ಆಗಿ ಬಣ್ಣದ ಡಬ್ಬಿ ಹಿಡಿದು ತಿರುಗಿದವನು ನಾನು. ಗೋಡೆಯ ಮೇಲೆ ಗೀಟೆಳೆದು, ಬಾಣ ಬರೆದು, ಎಷ್ಟು ಅಡಿ ಹೋಗುತ್ತದೆ ಎಂದು ಪಕ್ಕದಲ್ಲಿ ಅಂಕಿ ಹಾಕುವುದು ನನ್ನ ಕೆಲಸ. ಜೊತೆಗೆ ಅಳತೆಯ ಸರಪಳಿ ಹಿಡಿಯುವ ಚೈನ್‌ಮನ್ ಒಬ್ಬ. ನನಗಿಂತ ಹತ್ತು ವರ್ಷ ದೊಡ್ಡವನು, ಇಪ್ಪತ್ತು ವರ್ಷ ಹೆಚ್ಚು ಬೇಸತ್ತವನು. ನಮ್ಮನ್ನು ಕಂಡರೆ ಜನ ಒಳಗೆ ಹೋಗಿ ನಾಯಿಯನ್ನು ಹೊರಗೆ ಬಿಡುತ್ತಿದ್ದರು.

ಈಗ ಹೇಳುವ ಬೀದಿ ಮೂರರಲ್ಲಿ ಯಾವ ಊರಿನದು ಎಂದು ಹೇಳುವುದಿಲ್ಲ. ಹೇಳಿದರೆ ಉಳಿದೆರಡು ಊರಿನವರು, “ನಮ್ಮಲ್ಲೇನು ಕಮ್ಮಿ ಆಗಿತ್ತೇನ್ರೀ?” ಎಂದು ಜಗಳಕ್ಕೆ ಬರುತ್ತಾರೆ.

ಉಳಿದ ಮೂರಡಿ

ಆ ಬೀದಿಯಲ್ಲಿ ಭಟ್ಟರದೊಂದು ಹೋಟೆಲು. ದೋಸೆ ಭಟ್ಟರದು, ಕಾಫಿ ಅವರ ಹೆಂಡತಿಯದು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಹೊನ್ನೆಮರಡು ಕಡೆಯ ಮನೆ, ಗದ್ದೆ ಎಲ್ಲ ಬಿಟ್ಟು ಪಾತ್ರೆಪಗಡೆ ಹೊತ್ತು ಪೇಟೆಗೆ ಬಂದು ಸೇರಿದ ದಂಪತಿ. ಮುಂದಿನ ಮೆಟ್ಟಿಲಿನಿಂದ ಹಿಂದಿನ ಗೋಡೆಯವರೆಗೆ ಹೋಟೆಲು ಒಟ್ಟು ಹದಿನಾಲ್ಕು ಅಡಿ. ನನ್ನ ಗೀಟು ಬಿದ್ದದ್ದು ಹನ್ನೊಂದನೆಯ ಅಡಿಗೆ.

“ಅಂದ್ರೆ ಹನ್ನೊಂದು ಅಡಿ ಹೋಗ್ತದಾ?” ಎಂದು ಕೇಳಿದರು ಭಟ್ಟರು.

“ಮೂರಡಿ ಉಳೀತದಲ್ಲ ಭಟ್ರೇ,” ಎಂದೆ ಸಮಾಧಾನಕ್ಕೆ.

“ಮೂರಡೀಲಿ ದೋಸೆ ಹುಯ್ಯಬಹುದು ಮಾರಾಯ್ರೆ. ಮಗುಚಿ ಹಾಕ್ಬೇಕಾದ್ರೆ ನಾನು ರಸ್ತೆಗೆ ಇಳೀಬೇಕು.”

ಒಳಗಿನಿಂದ ಅವರ ಹೆಂಡತಿ ಗಂಡನಿಗೆ ತಮ್ಮ ಮನೆಮಾತಿನಲ್ಲಿ ಹೇಳಿದ್ದು ಕೇಳಿಸಿತು. “ಅಲ್ಲಿ ನೀರು ಬಂತು, ಇಲ್ಲಿ ರಸ್ತೆ ಬಂತು. ಎಂಗೊ ಇನ್ನೆಲ್ಲಿಗೆ ಹೋಪದು?”

ಅವರು ಇನ್ನೆಲ್ಲಿಗೆ ಹೋಗಬೇಕು ಎನ್ನುವುದು ನನ್ನ ನಕ್ಷೆಯಲ್ಲಿರಲಿಲ್ಲ. ಭಟ್ಟರೇ ಕಾಫಿ ಲೋಟ ತಂದು ಮುಂದಿಟ್ಟರು. “ಅವಳ ಮಾತು ಮನಸ್ಸಿಗೆ ಹಚ್ಕೋಬೇಡಿ. ನೀರಿಗಿಂತ ನೀವು ವಾಸಿ. ನೀರು ಬಂದಾಗ ಕಾಫಿ ಕುಡೀತೀರಾ ಅಂತ ಕೇಳೋ ಹಾಗೂ ಇರ್ಲಿಲ್ಲ.”

ಪಲ್ಲಕ್ಕಿಯೊಳಗಿನ ಬಾಣ

ನಮ್ಮ ಕಡೆ ಗೋಡೆಗೆ ಕೆಮ್ಮಣ್ಣು ಬಳಿಯುವುದು ರೂಢಿ. ಸರ್ಕಾರ ನನಗೆ ಕೊಟ್ಟಿದ್ದೂ ಕೆಂಪು ಬಣ್ಣ. ಕೆಂಪಿನ ಮೇಲೆ ಕೆಂಪು ಬಳಿದು, ನಾನೇ ಹಾಕಿದ ಗುರುತನ್ನು ನಾನೇ ಹುಡುಕುತ್ತ ಒಂದು ವಾರ ಕಳೆದ ಮೇಲೆ ಬುದ್ಧಿ ಬಂದು ಸುಣ್ಣದಲ್ಲಿ ಬರೆಯಲು ಶುರುಮಾಡಿದೆ.

ಬೀದಿಯ ತುದಿಯ ಮನೆಯೊಂದರ ಪಕ್ಕದ ಗೋಡೆಗೆ ಹೀಗೆ ಬಿಳಿ ಬಾಣ ಬರೆದು ಬಂದೆವು. ತಿಂಗಳು ಬಿಟ್ಟು ಹೋಗಿ ನೋಡಿದರೆ ಆ ಮನೆಯಲ್ಲಿ ಮದುವೆ. ಹೆಂಗಸರು ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೋಡೆ ತುಂಬ ಹಸೆ ಚಿತ್ತಾರ ಬರೆದಿದ್ದರು. ನಟ್ಟನಡುವೆ ಪಲ್ಲಕ್ಕಿ, ಪಲ್ಲಕ್ಕಿಯೊಳಗೆ ಮದುಮಗ, ಮದುಮಗಳು, ಮತ್ತು ನನ್ನ ಬಾಣ.

“ಅಮ್ಮಾ, ಇದು ಸರ್ಕಾರದ ಗುರುತು. ಮುಟ್ಟಬಾರದು,” ಎಂದೆ ಮನೆಯ ಹಿರಿಯಾಕೆಗೆ.

“ಸೊಟ್ಟ ಇತ್ತು. ನೆಟ್ಟಗೆ ಮಾಡೀವಿ.”

ಚೈನ್‌ಮನ್ ಅಳೆದು ನೋಡಿದ. ಬಾಣ ಎರಡೂವರೆ ಅಡಿ ರಸ್ತೆಯ ಕಡೆಗೆ ಸರಿದಿತ್ತು. ಕೇಳಿದ್ದಕ್ಕೆ ಆಕೆ, “ಪಲ್ಲಕ್ಕಿ ಹೊರೋರು ನಿಲ್ಲಾಕೆ ಜಾಗ ಸಾಲ್ಲಿಲ್ಲ. ಅದಕ್ಕೆ ನಿಮ್ದನ್ನ ಅಳಿಸಿ ಒಂಚೂರು ಆಚಿಗೆ ಬರ್ದೀವಿ,” ಎಂದಳು.

ಚೈನ್‌ಮನ್ ಗೋಡೆಯನ್ನೂ ನನ್ನ ಕೈಯಲ್ಲಿದ್ದ ನಕ್ಷೆಯನ್ನೂ ಬಹಳ ಹೊತ್ತು ನೋಡಿದ. “ಇರ್ಲಿ ಬಿಡಿ ಸಾರ್. ನಿಮ್ಮ ಪ್ಲಾನಿಗಿಂತ ಇದೇ ಚೆನ್ನಾಗಿದೆ.”

ನನಗೂ ಸಾಕಾಗಿತ್ತು, ನಕ್ಷೆಯನ್ನೇ ತಿದ್ದಿದೆ. ಆ ಮನೆಗೆ ಎರಡೂವರೆ ಅಡಿ ಉಳಿಯಿತು. ಪಾಪ, ಭಟ್ಟರ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದವರು ಯಾರೂ ಇರಲಿಲ್ಲ.

ಏಳು ವೀರರು

ಅಷ್ಟರಲ್ಲಿ ಹಳೆಯ ಕಲ್ಲು, ಕಟ್ಟಡಗಳ ಪಟ್ಟಿ ಮಾಡಲು ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ. ಭಟ್ಟರ ಹೋಟೆಲಿನಲ್ಲಿ ಕೂತು ದೋಸೆ ತಿನ್ನುತ್ತ, “ಪುರಾತನ ಕಲ್ಲು ಇದ್ದ ಕಡೆ ರಸ್ತೆಯೇ ಬಳಸಿಕೊಂಡು ಹೋಗಬೇಕು,” ಎಂದು ಗಟ್ಟಿಯಾಗಿ ಹೇಳಿದರು. ಹೋಟೆಲಿನಲ್ಲಿ ಆಡಿದ ಮಾತು ಊರಿಗೆ ಡಂಗುರ ಸಾರಿದ ಹಾಗೆ.

ನಮ್ಮ ಸೀಮೆಯಲ್ಲಿ ವೀರಗಲ್ಲಿಗೆ ಬರವಿಲ್ಲ. ಕೆರೆ ಏರಿಯಲ್ಲಿವೆ, ಗದ್ದೆ ಬದುವಿನಲ್ಲಿವೆ, ದನದ ಕೊಟ್ಟಿಗೆಯಲ್ಲೂ ಇವೆ. ವಾರ ತುಂಬುವುದರೊಳಗೆ ಬೀದಿಯ ಏಳು ಅಂಗಡಿಗಳ ಮುಂದೆ ಏಳು ವೀರಗಲ್ಲು ಎದ್ದು ನಿಂತವು. ಒಬ್ಬ ವೀರ ತಲೆಕೆಳಗಾಗಿದ್ದ, ಆದರೂ ಕತ್ತಿ ಬಿಟ್ಟಿರಲಿಲ್ಲ.

“ಸಾರ್, ಇಷ್ಟು ಜನ ಸತ್ತಿದ್ದಾರೆ ಅಂದ್ರೆ ಯುದ್ಧ ರಸ್ತೆ ಅಗಲ ಮಾಡೋದಕ್ಕೇ ಆಗಿರ್ಬೇಕು,” ಎಂದ ಚೈನ್‌ಮನ್.

ಭಟ್ಟರ ಅಂಗಳ ಮಾತ್ರ ಖಾಲಿ ಇತ್ತು. ಹೇಳಬಾರದು, ಆದರೂ ನಾನೇ ಮೆತ್ತಗೆ ಹೇಳಿದೆ. “ಭಟ್ರೇ, ನೀವೂ ಒಂದು ನಿಲ್ಸಬಾರದಾ?”

“ಸುಳ್ಳು ಹೇಳೋಕೆ ಬರೋದಿಲ್ಲ ಅಂತಲ್ಲ. ಕಲ್ಲು ನಿಲ್ಸಿದ್ರೆ ಇಬ್ರು ಕೂತು ತಿನ್ನೋ ಜಾಗ ಹೋಗ್ತದೆ,” ಎಂದರು.

ಅಧಿಕಾರಿ ಒಂದೊಂದೇ ಕಲ್ಲು ನೋಡುತ್ತ ಟೈಲರ್ ಅಂಗಡಿಗೆ ಬಂದರು. ಟೈಲರ್ ಕೈ ಮುಗಿದು, “ಇದು ಅನಾದಿ ಕಾಲದಿಂದ ಇಲ್ಲೇ ಇದೆ ಸ್ವಾಮೀ, ಕದಲಿಸಿದ್ರೆ ಊರಿಗೆ ಕೇಡು,” ಎಂದ. ಅಧಿಕಾರಿ ಬಗ್ಗಿ ಕಲ್ಲು ಮುಟ್ಟಿದರು. ಬೆರಳು ಜಾರಿತು. ಮೂಸಿ ನೋಡಿದರೆ ಸೋಪು. ಅಷ್ಟರಲ್ಲಿ ಹಿತ್ತಲಿನಿಂದ ಟೈಲರನ ಹೆಂಡತಿಯ ಕೂಗು. “ರೀ, ಅವ್ರು ನೋಡಿ ಆಗಿದ್ರೆ ಕಲ್ಲು ಬೇಗ ತನ್ನಿ. ಬಟ್ಟೆ ನೆನೆಸಿ ಎರಡು ದಿನ ಆಯ್ತು!”

ಮಗುಚಿದ ಮೆಟ್ಟಿಲು

ಏಳು ವೀರರೂ ಅಧಿಕಾರಿಯ ಪಟ್ಟಿಯಿಂದ ಬಿದ್ದುಹೋಗಿ, ಒಡೆಯುವ ದಿನ ಬಂತು. ಮೊದಲ ಸರದಿ ಭಟ್ಟರದೇ. ಕೂಲಿಗಳು ಹಾರೆ ಹಾಕಿ ಹೋಟೆಲಿನ ಮುಂದಿನ ಮೆಟ್ಟಿಲುಗಲ್ಲನ್ನು ಮೀಟಿದರು. ಕಲ್ಲು ಮಗುಚಿ ಬಿತ್ತು. ಅಡಿಯಲ್ಲಿ ತುದಿಯಿಂದ ತುದಿಯವರೆಗೆ ಅಕ್ಷರ.

ಕೆಲಸ ನಿಲ್ಲಿಸಿ ಅಧಿಕಾರಿಗೆ ತಂತಿ ಕಳಿಸಿದೆವು. ಬಂದರು. ಅಕ್ಷರ ಎದ್ದು ಕಾಣಲೆಂದು ಭಟ್ಟರ ಹೆಂಡತಿ ಕೊಟ್ಟ ಅಕ್ಕಿಹಿಟ್ಟು ಸವರಿ, ಮೊಣಕಾಲೂರಿ ಓದಿದರು. ಹಿಂದೆ ಯಾರೋ ಪುಣ್ಯಾತ್ಮರು ಹಾಕಿಸಿದ ಶಾಸನ. ಈ ಜಾಗದಲ್ಲಿ ದಾರಿಹೋಕರಿಗೆ ಊಟ ಇಕ್ಕಬೇಕು, ಅದನ್ನು ತಪ್ಪಿಸಿದವರಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಬರುತ್ತದೆ ಎಂದಿತ್ತು.

ಕೂಲಿಗಳು ಹಾರೆ ಬಿಟ್ಟು ಹಿಂದೆ ಸರಿದರು. ಚೈನ್‌ಮನ್ ಸರಪಳಿಯನ್ನು ಕೆಳಗಿಟ್ಟ. “ಸಾರ್, ಕಾಶಿಗೇ ಹೋಗಿ ಆ ಪಾಪ ಮಾಡಿದ್ರೆ ಕಾಶಿ ನೋಡಿದ ಹಾಗಾದ್ರೂ ಆಗ್ತಿತ್ತು. ಇಲ್ಲೇ ನಿಂತು ಯಾಕೆ ಸುಮ್ನೆ?”

ಮುಂದಿನ ಹದಿನೈದು ದಿನ ಆ ಹೋಟೆಲನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ. ಕಲ್ಲು ನೋಡಲು ಸುತ್ತಲಿನ ಹಳ್ಳಿಗಳಿಂದ ಜನ ಬಂದರು, ಬಂದವರೆಲ್ಲ ದೋಸೆ ತಿಂದರು. ಈ ಜಾಗವನ್ನು ಕಾಪಾಡಲೇಬೇಕು ಎಂದು ಅಧಿಕಾರಿ ಮೇಲಕ್ಕೆ ಬರೆದರು. ಭಟ್ಟರು ನನ್ನ ಕೈ ಹಿಡಿದು, “ಕಾಲಡಿ ಇದ್ದ ಕಲ್ಲು ಕೈ ಹಿಡೀತು ನೋಡಿ,” ಎಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಅಷ್ಟು ವರ್ಷದ ನೌಕರಿಯಲ್ಲಿ ನನಗೂ ಮೊದಲ ಬಾರಿಗೆ ಸಂತೋಷವಾಯಿತು. ಸರ್ಕಾರಿ ನೌಕರನಾಗಿ ಅಷ್ಟು ಬೇಗ ಸಂತೋಷಪಟ್ಟದ್ದು ನನ್ನದೇ ತಪ್ಪು.

ಕಾಪಾಡಿದ ಬಗೆ

ಆರ್ಡರು ಬಂತು. ಕಲ್ಲನ್ನು ಕಾಪಾಡಬೇಕು, ಸಿಕ್ಕ ಜಾಗದಲ್ಲೇ ನಿಲ್ಲಿಸಬೇಕು, ನಾಲ್ಕೂ ಕಡೆ ಜಾಗ ಬಿಟ್ಟು ಕಬ್ಬಿಣದ ಬೇಲಿ ಹಾಕಬೇಕು, ರಸ್ತೆ ಅದನ್ನು ಬಳಸಿಕೊಂಡು ಹೋಗಬೇಕು. ರಸ್ತೆ ಬಳಸುವುದೆಂದರೆ ಇನ್ನಷ್ಟು ಒಳಕ್ಕೆ ಬರಬೇಕಲ್ಲ. ಅಳೆದು ನೋಡಿದೆ. ಬೇಕಾದದ್ದು ಹದಿನಾಲ್ಕು ಅಡಿ, ಹೋಟೆಲಿನ ಹಿಂದಿನ ಗೋಡೆಯೂ ಸೇರಿ. ಒಡೆಯುವವರು ಮೂರಡಿ ಬಿಟ್ಟಿದ್ದರು, ಕಾಪಾಡುವವರು ಅದನ್ನೂ ಬಿಡಲಿಲ್ಲ.

ಪಾಪದ ಭಯ ಇಲ್ಲದ ಕೂಲಿಗಳನ್ನು ಬೇರೆ ಜಿಲ್ಲೆಯಿಂದ ಕರೆಸಿದರು. ಎರಡು ದಿನದಲ್ಲಿ ಹೋಟೆಲು ನೆಲಸಮ. ಬೇಲಿ ಬಂತು, ನೀಲಿ ಬೋರ್ಡೂ ಬಂತು. ಇದರೊಳಗೆ ತಿಂಡಿತಿನಿಸು ಮಾರುವುದು, ತಿನ್ನುವುದು ಅಪರಾಧ ಎಂದು ಅದರಲ್ಲಿ ಬರೆದಿತ್ತು.

“ಸಾರ್, ಕಲ್ಲು ಇಕ್ಕು ಅಂತದೆ, ಬೋರ್ಡು ಇಕ್ಕಬೇಡ ಅಂತದೆ. ಯಾರ ಮಾತು ಕೇಳೋದು?” ಎಂದ ಚೈನ್‌ಮನ್.

“ಸಂಬಳ ಕೊಡೋರ ಮಾತು ಕೇಳು ಮಾರಾಯ,” ಎಂದೆ. ಬೇರೆ ಏನು ಹೇಳಲಿ?

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ಬೇಲಿಯ ಪಕ್ಕ ನಿಂತು ರಸ್ತೆಯ ಅಂಚು ಅಳೆಯುತ್ತಿದ್ದೆ. ಎದುರಿನಿಂದ ಒಂದು ತಳ್ಳುಗಾಡಿ ಬಂತು. ಮುಂದೆ ಭಟ್ಟರು ಎಳೆಯುತ್ತಿದ್ದರು, ಹಿಂದೆ ಅವರ ಹೆಂಡತಿ ತಳ್ಳುತ್ತಿದ್ದರು, ನಡುವೆ ಕಾದ ಕಾವಲಿ. ನನಗೆ ಓಡಿಹೋಗೋಣ ಎನ್ನಿಸಿತು. ಭಟ್ಟರು ಗಾಡಿ ನಿಲ್ಲಿಸಿ, ಏನೂ ಆಗಿಲ್ಲವೆಂಬಂತೆ ಕಾಫಿ ಲೋಟ ಕೈಗಿಟ್ಟರು.

“ನೀರು ಬಂದು ಮನೆ ಹೋಯ್ತು. ರಸ್ತೆ ಬಂದು ಹನ್ನೊಂದು ಅಡಿ ಹೋಯ್ತು. ಇತಿಹಾಸ ಬಂದು ಉಳಿದ ಮೂರಡೀನೂ ಹೋಯ್ತು,” ಎಂದರು. “ಅದಕ್ಕೆ ಈ ಸಲ ಗಾಲಿ ಹಾಕ್ಸಿದೀನಿ. ಇನ್ನು ಏನು ಬಂದ್ರೂ ಬರ್ಲಿ, ನಾವೇ ಸರ್ಕೊಂಡು ಹೋಗ್ತೀವಿ.”

ಕಾಫಿ ಆರಿಸುತ್ತ ಬೇಲಿಗೆ ಒರಗಿ ನಿಂತೆ. ಆಗ ಭಟ್ಟರ ಹೆಂಡತಿ, ಅಷ್ಟು ತಿಂಗಳುಗಳಲ್ಲಿ ಮೊದಲ ಸಲ, ನೇರವಾಗಿ ನನ್ನನ್ನೇ ನೋಡಿ ಮಾತಾಡಿದರು.

“ಬೇಗ ಕುಡಿದು ಲೋಟ ಕೊಡಿ. ನೀವು ನಿಂತ ಜಾಗದಲ್ಲಿ ನಾವು ಜಾಸ್ತಿ ಹೊತ್ತು ನಿಲ್ಲೋದು ಒಳ್ಳೇದಲ್ಲ.”